ಓದಿ ಹೇಳುವವನು

ಕುಷ್ಟಗಿಗೆ ಕನ್ಯೆ ನೋಡಲು ಹೋದವನು ರುದ್ರೇಶ. ಕನ್ಯೆ ಲಲಿತಾ ಒಪ್ಪಿದ್ದು ಅವನನ್ನು ತನ್ನ ಬಾಡಿಗೆ ಕಾರಿನಲ್ಲಿ ಕೂಡಿಸಿಕೊಂಡು ಬಂದಿದ್ದ ಗೆಳೆಯ ಯಂಕೇಶನನ್ನು. ವರ್ಷಗಳು ಕಳೆದರೂ ಅಂದು ತಿಂದ ಉಪ್ಪಿಟ್ಟು ರುದ್ರೇಶನ ಗಂಟಲಿನಿಂದ ಕೆಳಗಿಳಿದಿರಲಿಲ್ಲ.

ಯಂಕೇಶನಲ್ಲಿ ಅಂಥದ್ದೇನಿತ್ತು? ಬರೀ ಮಾತು. ದಾರಿ ತೋರುವ ಬೋರ್ಡಿನ ಕೆಳಗೇ ಕಾರು ನಿಲ್ಲಿಸಿ, ದಾರಿಹೋಕರನ್ನು ನಗಿಸಿ, ಇಟಗಿಗೆ ಯಾವ ಕಡೆ ಹೋಗಬೇಕೆಂದು ಕೇಳುವವನು. ತನ್ನ ಲಗ್ನಪತ್ರಿಕೆ ಅಚ್ಚಾಗಿ ಬಂದಾಗ ಅದನ್ನೂ ರುದ್ರೇಶನ ಕೈಗೇ ತುರುಕಿದ್ದ.

"ನೀ ಓದಪಾ ದೋಸ್ತ. ನಿನ್ನ ಬಾಯಾಗ ಕೇಳಿದ್ರನ ಛಂದ."

ಲಲಿತಾಳ ಹೆಸರಿನ ಪಕ್ಕದಲ್ಲಿ ಅವನ ಹೆಸರನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕಾಯಿತು. ಬೇಕಂತಲೇ ಉರಿಸುತ್ತಾನೆ ಅಂದುಕೊಂಡ. ಆಮೇಲೂ ಬ್ಯಾಂಕಿನ ನೋಟಿಸು, ವಿಮೆಯ ಕಾಗದ, ಏನೇ ಬರಲಿ, ಯಂಕೇಶ ದೊರೆಯ ಹಾಗೆ ಕಾಲು ಚಾಚಿ ಕುಳಿತು ಅವನಿಂದ ಓದಿಸುತ್ತಿದ್ದ.

ಕಳೆದ ಬೇಸಿಗೆಯಲ್ಲಿ ದೈವ ಕಣ್ಣು ತೆರೆಯಿತು. ಹೈದರಾಬಾದ್ ವಿಮಾನ ನಿಲ್ದಾಣದಿಂದ ಯಂಕೇಶ ಕರೆತಂದ ಪ್ರಯಾಣಿಕನೊಬ್ಬ ಸೀಟಿನ ಕೆಳಗೆ ಚಿನ್ನದ ಗಟ್ಟಿ ಅಡಗಿಸಿಟ್ಟು, ತಪಾಸಣೆಯ ಹೊತ್ತಿಗೆ ಪರಾರಿಯಾದ. ಸಿಕ್ಕಿಬಿದ್ದವನು ಯಂಕೇಶ. ಆದರೆ ಜಾಮೀನು ಸಿಗುವುದು ಖಚಿತವಿತ್ತು.

ಗಂಗಾವತಿ ಕೋರ್ಟಿನ ಎದುರು ಟೈಪಿಂಗ್ ಅಂಗಡಿ ನಡೆಸುವ ರುದ್ರೇಶನಿಗೆ ಜಾಮೀನಿಗೂ ಬಗ್ಗದ ಬೀಗವೊಂದು ಗೊತ್ತಿತ್ತು: ಕಳ್ಳಸಾಗಣೆಯವರನ್ನು ವಿಚಾರಣೆಯಿಲ್ಲದೆ ವರ್ಷದ ತನಕ ಒಳಗಿಡುವ ಮುಂಜಾಗ್ರತಾ ಬಂಧನ. ಅದಕ್ಕೆ ಯಾರೂ ಕಟಕಟೆ ಹತ್ತಬೇಕಿಲ್ಲ. ಗುಟ್ಟಾಗಿ ಮಾಹಿತಿ ಕೊಟ್ಟವನ ಹೆಸರು ಬಯಲಾಗುವುದೂ ಇಲ್ಲ. ಅವನು ಅಧಿಕಾರಿಗಳ ಮುಂದೆ ಕುಳಿತು ತಣ್ಣಗೆ ಸುಳ್ಳು ಹೇಳಿದ: ಯಂಕೇಶ ಹಳೇ ಕೈ. ವಿರೂಪಾಪುರಗಡ್ಡೆಯ ಪ್ರವಾಸಿಗರ ನೆಪದಲ್ಲಿ ಚಿನ್ನ ಸಾಗಿಸುವುದನ್ನು ಕಣ್ಣಾರೆ ಕಂಡಿದ್ದೇನೆ.

ಉಳಿದದ್ದು ಒಂದೇ ಕಿಂಡಿ. ಇಂಥ ಆದೇಶಗಳು ಹೈಕೋರ್ಟಿನಲ್ಲಿ ಹೇಗೆ ಬೀಳುತ್ತವೆಂದು ವಕೀಲರ ಅರ್ಜಿಗಳನ್ನು ಟೈಪ್ ಮಾಡುತ್ತಲೇ ಅವನು ಕಲಿತಿದ್ದ. ಬಂಧನದ ಕಾರಣಗಳನ್ನು ಬಂಧಿತನಿಗೆ ಓದಲು ಬರುವ ಭಾಷೆಯಲ್ಲಿ ಕೊಡದಿದ್ದರೆ ಆದೇಶ ರದ್ದಾಗುತ್ತಿತ್ತು. ಇಲ್ಲಿ ಕಾಗದಗಳೆಲ್ಲ ಇಂಗ್ಲಿಷಿನಲ್ಲಿದ್ದವು.

"ಕನ್ನಡಕ್ಕ ನಾ ಮಾಡಿಕೊಡ್ತೀನ್ರಿ ಸಾಹೇಬ್ರ."

"ಅಂವಗ ಕನ್ನಡ ಓದಾಕ ಬರತೈತೇನು?"

"ಬರದೇನ್ರಿ? ನಮ್ಮ ಮರಳಿ ಊರಂವ, ನನ್ನ ಜೀವದ ಗೆಳೆಯ."

ಹಾಗೆಂದು ಬರೆದುಕೊಡಲು ಹೇಳಿದರು. ಬರೆದುಕೊಟ್ಟ. ಹಗಲೆಲ್ಲ ಕುಳಿತು, ಒಂದು ಸಾಲೂ ಬಿಡದೆ ಅನುವಾದಿಸಿದ. ಜೀವಮಾನದಲ್ಲಿ ಅಷ್ಟು ಶುದ್ಧ ಕನ್ನಡ ಬರೆದಿರಲಿಲ್ಲ. ಅನುವಾದಿಸಿದ್ದು ಹೊಟ್ಟೆಪಾಡಿನ ಕೆಲಸ, ಕೇಳಿದರೆ ಹಾಗೆ ಹೇಳಿದರಾಯಿತು.

ಯಂಕೇಶ ಒಳಗೆ ಹೋದ ಮೇಲೆ ಲಲಿತಾ ಅಂಗಡಿಯ ಬೆಂಚಿಗೆ ಬಂದು ಕೂಡತೊಡಗಿದಳು. ರುದ್ರೇಶ ಚಾ ತರಿಸುತ್ತಿದ್ದ. ಅವಳ ಕಣ್ಣೀರೂ ಅವನಿಗೆ ಹಿತವಾಗಿತ್ತು. "ಅಣ್ಣಾ" ಎಂಬ ಮಾತೊಂದೇ ಚುಚ್ಚುತ್ತಿತ್ತು.

"ಧಾರವಾಡದ ಹೈಕೋರ್ಟಿಗೆ ಹೋಗ್ಲೇನ್ರಿ ಅಣ್ಣಾ?"

"ಹೋಗು. ಆದ್ರ ಕಾಗದ ಭಾಳ ಗಟ್ಟಿ ಅದಾವಂತ. ಆಸೆ ಇಟ್ಕೋಬ್ಯಾಡ."

ಮುಂದಿನ ವಾರ ಅವಳು ಬಂದಾಗ ಕಣ್ಣಲ್ಲಿ ನೀರಿರಲಿಲ್ಲ. ಚಾ ಮುಟ್ಟಲಿಲ್ಲ. "ಆದೇಶ ಬಿದ್ದುಹೋಗತೈತಿ ಅಂದ್ರು ವಕೀಲರು," ಎಂದಳು. "ನಮ್ಮವರು ಸಣ್ಣವರಿದ್ದಾಗ ನಮ್ಮ ಮಾವ ಕೂಲಿಗೆ ನಂದ್ಯಾಲಕ್ಕ ಹೋಗಿದ್ರಲ್ರಿ, ಅಲ್ಲಿ ತೆಲುಗು ಸಾಲ್ಯಾಗ ನಾಕು ಅಕ್ಷರ ಕಲ್ತಾರ, ಅಷ್ಟ. ಕನ್ನಡ ಮಾತಾಡ್ತಾರ, ಓದಾಕ ಒಂದಕ್ಷರ ಬರಂಗಿಲ್ಲ. ನಾಚಿಕಿ ಅವರಿಗೆ. ಅದಕ್ಕ ಲಗ್ನಪತ್ರಿಕಿನೂ ನಿಮ್ಮ ಕೈಲೇ ಓದಿಸಿದ್ರು." ರುದ್ರೇಶನ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಅವಳು ಚೀಲದಿಂದ ಬಂಧನದ ಕಾಗದಗಳ ಕಟ್ಟು ತೆಗೆದು, ಕೊನೆಯ ಹಾಳೆಯನ್ನು ಅವನ ಮುಂದೆ ಸರಿಸಿದಳು. 'ಬಂಧಿತನು ಕನ್ನಡ ಓದಬಲ್ಲನೆಂದು ನಾನು ಸ್ವತಃ ಬಲ್ಲೆ.' ಕೆಳಗೆ ಅವನದೇ ಸಹಿ. "ಇಷ್ಟು ವರ್ಷ ಅವರಿಗೆ ಎಲ್ಲಾ ಓದಿ ಹೇಳಿದವರು ನೀವ," ಎಂದಳು ಲಲಿತಾ. "ಇದನ್ನೂ ಓದ್ರಿ, ರುದ್ರೇಶ. ಗಟ್ಟ್ಯಾಗಿ."