ನಾನೂರ ಹನ್ನೆರಡು ಎಂಬ ಇಬ್ಬರು

ಶವಾಗಾರದಲ್ಲಿ ಮಲಗಿದ್ದ ಹೆಂಗಸಿನ ಮಣಿಕಟ್ಟಿಗೆ ಒಂದು ಚೀಟಿ ಕಟ್ಟಿತ್ತು. ಅದರಲ್ಲಿ ಅವಳ ಹೆಸರು, ವಿಳಾಸ, ಕೆಳಗೊಂದು ಸಂಖ್ಯೆ— 412.

ಮಗಳು ಓದಿದಳು. ಅಳಲಿಲ್ಲ. ನೆಟ್ಟಗೆ ಶಾಲೆಗೆ ನಡೆದು ಬಂದು, ವಿಚಾರಣೆಯ ಮೇಜಿನ ಹಿಂದೆ ಕೂತಿದ್ದ ಮೇಷ್ಟ್ರ ಎದುರು ನಿಂತಳು.

"ಮೂರು ದಿನ ಬಂದೆ. ಮೂರು ದಿನವೂ 'ಇಲ್ಲ' ಅಂದ್ರಿ. ಅಮ್ಮ ಇಲ್ಲಿಂದ ಹತ್ತು ನಿಮಿಷದ ದಾರೀಲಿ, ಆಸ್ಪತ್ರೇಲಿ, ಉಸಿರಾಡ್ಕೊಂಡು ಮಲಗಿದ್ಲು. ಹೆಸರು ಸಮೇತ, ನಿಮ್ಮ ಪಟ್ಟಿಯ ನಂಬರು 412 ಸಮೇತ. ಅದು ಹೇಗೆ ಸಾರ್?"

ಮೇಷ್ಟ್ರು ಕಂಪ್ಯೂಟರನ್ನು ತಮ್ಮ ಕಡೆ ಎಳೆದುಕೊಂಡರು.

ನೆರೆ ಇಳಿದು ಹನ್ನೊಂದು ದಿನವಾಗಿತ್ತು. ಸಿಕ್ಕವರು ಒಂದು ಕಡೆ, ಹುಡುಕುವವರು ಇನ್ನೊಂದು ಕಡೆ. ಇಬ್ಬರನ್ನೂ ಸೇರಿಸಲು ನಿವೃತ್ತ ಮೇಷ್ಟ್ರು ಟೊಂಕ ಕಟ್ಟಿ ನಿಂತಿದ್ದರು. ಹಿಂದೆ ಶಾಲೆಯ ಪುಸ್ತಕಗಳಿಗೆಂದು ತಾವೇ ಮಾಡಿಕೊಂಡಿದ್ದ ಡೇಟಾಬೇಸನ್ನು ಮನುಷ್ಯರ ಪಟ್ಟಿಯಾಗಿ ಬದಲಿಸಿದ್ದರು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ— ಮೂರೂ ಕಡೆ ಒಂದೇ ಪಟ್ಟಿ ಕಾಣಲೆಂದು ಆ ಫೈಲನ್ನು ಕ್ಲೌಡ್ ಫೋಲ್ಡರಿನಲ್ಲಿ ಇಟ್ಟಿದ್ದರು. ಹೆಸರು ತುಂಬಿದರೆ ಕಂಪ್ಯೂಟರೇ ಒಂದು ಸಂಖ್ಯೆ ಕೊಡುತ್ತಿತ್ತು. ನೋಡಿದವರೆಲ್ಲ ಬೆನ್ನು ತಟ್ಟಿದ್ದರು.

ಮೇಷ್ಟ್ರು 412 ಒತ್ತಿದರು. ಬಂದದ್ದು ಒಬ್ಬ ದರ್ಜಿ. ಬಲಗಾಲು ಮುರಿದಿದೆ, ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಾನೆ. ತಾಯಿಯ ಹೆಸರು ಪಟ್ಟಿಯಲ್ಲೆಲ್ಲೂ ಇರಲಿಲ್ಲ.

ಮಧ್ಯಾಹ್ನದೊಳಗೆ ಸುದ್ದಿ ಹಬ್ಬಿತು. ನರ್ಸು ಹೆಸರು ತುಂಬಿಯೇ ಇಲ್ಲ ಎಂದರು ಕೆಲವರು. ನಿಲ್ದಾಣದ ಟಿಕೆಟ್ ಗುಮಾಸ್ತನೇ ಅಳಿಸಿದ, ಅವನಿಗೂ ನರ್ಸಿಗೂ ಎಣ್ಣೆ ಸೀಗೆಕಾಯಿ ಎಂದರು ಇನ್ನು ಕೆಲವರು. ನರ್ಸಿನ ಕೆಲಸಕ್ಕೇ ಕುತ್ತು ಬಂತು. ಮೇಷ್ಟ್ರು ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿದರು.

ಅಕ್ಕ ಮೂವತ್ತು ವರ್ಷ ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ದುಡಿದವಳು. ಜನ ಬೆರಳಮ್ಮ ಅಂತಲೇ ಕರೆಯುತ್ತಿದ್ದರು. ಬಂದವಳೇ ತಮ್ಮನ ಕಂಪ್ಯೂಟರನ್ನು ಖಾಲಿ ತರಗತಿಯೊಂದಕ್ಕೆ ತರಿಸಿ, ಒಬ್ಬಳೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಕ್ಕಳ ಗಿಡ್ಡ ಬೆಂಚಿನ ಮೇಲೆ ನರ್ಸು, ಗುಮಾಸ್ತ, ಸತ್ತವಳ ಮಗಳು, ತಮ್ಮ— ಎಲ್ಲರನ್ನೂ ಕೂರಿಸಿದಳು.

"ನೀನು ಹೆಸರು ತುಂಬಿದ್ದು ಯಾವಾಗಮ್ಮ?"

"ಎರಡನೇ ದಿನ, ಬೆಳಿಗ್ಗೆ ಹನ್ನೊಂದಕ್ಕೆ." ನರ್ಸಿನ ಕಣ್ಣು ಕೆಂಡದಂತಿದ್ದವು. "ಕಂಪ್ಯೂಟರ್ ಕೊಟ್ಟ ನಂಬರನ್ನೇ ಚೀಟೀಲಿ ಬರೆದು ಕಟ್ಟಿದೆ. ನನ್ನ ಮಕ್ಕಳಾಣೆ."

"ಆಣೆ ಬೇಡ. ಚೀಟಿ ಸಾಕು. — ನೀವು? ದರ್ಜೀನ ಯಾವಾಗ ಬರೆದ್ರಿ?"

"ಅದೇ ದಿನ. ಅದೇ ಹನ್ನೊಂದರ ಸುಮಾರಿಗೆ," ಎಂದ ಗುಮಾಸ್ತ. "412 ಅಂತ ತಾನಾಗೇ ಬಂತು. ನಾನು ಯಾರ ಹೆಸರನ್ನೂ ಅಳಿಸಿಲ್ಲ. ಜಗಳ ಆಡಿದ್ದು ನಿಜ. ಜಗಳಕ್ಕೆ ಜೀವ ತೆಗೀತಾರಾ?"

ಬೆರಳಮ್ಮ ತಮ್ಮನ ಕಡೆ ತಿರುಗಿದಳು.

"ಈಗ ಒಂದು ಸುಳ್ಳು ಹೆಸರು ತುಂಬು."

ತುಂಬಿದರು. 938 ಬಂತು.

"ಅಳಿಸು. ಇನ್ನೊಂದು ತುಂಬು."

939.

"938 ಎಲ್ಲಿ ಹೋಯ್ತು?"

"ಒಂದು ಸಲ ಕೊಟ್ಟ ನಂಬರನ್ನ ಅದು ಮತ್ತೆ ಯಾರಿಗೂ ಕೊಡಲ್ಲಕ್ಕಾ. ಅಳಿಸಿದ್ರೆ ಆ ಜಾಗ ಖಾಲಿ ಬೀಳುತ್ತೆ, ಅಷ್ಟೆ."

"ಹೌದಾ? ಹಾಗಾದ್ರೆ 412 ಇಬ್ಬರಿಗೆ ಹೇಗೆ ಸಿಕ್ತು?"

ಬೆರಳಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಹೊರಗಡೆ ಸರದಿಯಲ್ಲಿ ಯಾರೋ ಕೆಮ್ಮುತ್ತಿದ್ದರು.

"ಎಲ್ಲರೂ ಹೆಸರು ಹುಡುಕಿದ್ರಿ. ನಂಬರಿನ ಬಗ್ಗೆ ಯಾರೂ ಯೋಚಿಸ್ಲಿಲ್ಲ. ಈಯಮ್ಮ ತುಂಬದೇ ಇದ್ದಿದ್ರೆ ಅವಳ ಕೈಗೆ 412 ಬರ್ತಿರ್ಲಿಲ್ಲ. ಇವರು ಅಳಿಸಿದ್ರೆ ಆ ಜಾಗ ಖಾಲಿ ಇರ್ತಿತ್ತು, ದರ್ಜಿ ಅಲ್ಲಿ ಬಂದು ಕೂರ್ತಿರ್ಲಿಲ್ಲ. ಅಂದ್ಮೇಲೆ ಇಬ್ಬರೂ ಬರೆದದ್ದು ಒಂದೇ ಪಟ್ಟೀಲಿ ಅಲ್ಲ. ಪಟ್ಟಿ ಎರಡಾಗಿತ್ತು!"

"ಎರಡು ಹೇಗಕ್ಕಾ? ಫೈಲ್ ಒಂದೇ ತಾನೇ ಇರೋದು, ಕ್ಲೌಡಲ್ಲಿ?"

"ಇಲ್ಲ ಕಣೋ. ಕ್ಲೌಡ್ ಮಾಡೋದು ನಕಲು ಹಂಚೋ ಕೆಲಸ. ಮೂರು ಕಂಪ್ಯೂಟರಲ್ಲೂ ಒಂದೊಂದು ನಕಲು ಕೂತಿರುತ್ತೆ. ಒಬ್ಬರು ಬರೆದು ಮುಗಿಸಿ ಇನ್ನೊಬ್ಬರು ಬರೆದ್ರೆ ಎಲ್ಲ ಸರಿ. ಇಬ್ಬರೂ ಒಟ್ಟಿಗೆ ಬರೆದ್ರೆ ಎರಡನ್ನೂ ಕೂಡಿಸೋಕೆ ಅದಕ್ಕೆ ಬರಲ್ಲ. ಒಂದನ್ನ ಪಟ್ಟಿ ಅಂತ ಉಳಿಸ್ಕೊಳ್ಳುತ್ತೆ. ಇನ್ನೊಂದನ್ನ ಎಸೆಯಲ್ಲ ಪಾಪ— 'ಆಸ್ಪತ್ರೆ ಕಂಪ್ಯೂಟರಿನ ಪ್ರತಿ' ಅಂತ ಬೇರೆ ಹೆಸರಿಟ್ಟು ಅದೇ ಫೋಲ್ಡರಲ್ಲಿ ಪಕ್ಕಕ್ಕಿಡುತ್ತೆ. ಈಯಮ್ಮ ಬರೆದ ಹೆಸರು ಆ ಪ್ರತೀಲಿತ್ತು." ಅಕ್ಕನ ದನಿ ತಗ್ಗಿತು. "ಈಗ ಫೋಲ್ಡರಲ್ಲಿ ಒಂದೇ ಫೈಲಿದೆ. ಮಿಕ್ಕವು ಎಲ್ಲಿ?"

ದಿನಾ ಬೆಳಿಗ್ಗೆ ಕಾಫಿಗೂ ಮುಂಚೆ ಮೇಷ್ಟ್ರು ಫೋಲ್ಡರು ತೆರೆಯುತ್ತಿದ್ದರು. ಮೂರೋ ನಾಲ್ಕೋ ಫೈಲು ಹೆಚ್ಚಿಗೆ ಇರುತ್ತಿದ್ದವು— ಉದ್ದುದ್ದ ಹೆಸರಿನವು. ಬೇಡದ ನಕಲುಗಳು, ಜನ ಗೊಂದಲಕ್ಕೆ ಬೀಳುತ್ತಾರೆ ಎಂದುಕೊಂಡರು. ಅಳಿಸಿದರು. ಜಾಗ ಸಾಲದೆಂದು ಕಸದ ಬುಟ್ಟಿಯನ್ನೂ ಬರಿದು ಮಾಡಿದರು.

"ನಾನೇ," ಎಂದರು. "ನಾನೇ ಅಳಿಸ್ದೆ. ದಿನಾ."

"ಗೊತ್ತು ಕಣೋ. ಫೋಲ್ಡರಿನ ಚರಿತ್ರೆ ತೆಗೆದು ನೋಡ್ದೆ. ಅಳಿಸಿದ ಕಡೆಯೆಲ್ಲ ನಿನ್ನ ಹೆಸರೇ ಇದೆ." ಅಕ್ಕ ಕನ್ನಡಕ ತೆಗೆದಳು. "ಮೂವತ್ತೆಂಟು ಪ್ರತಿ. ಒಂದೂ ವಾಪಸ್ ಬರಲ್ಲ."

ಮೇಷ್ಟ್ರು ಮಗಳ ಕಡೆ ಕೈ ಜೋಡಿಸಲು ಹೋದರು, ಕೈ ಮೇಲೇಳಲಿಲ್ಲ. ಬೈಯಲಿ, ಉಗಿಯಲಿ ಎಂದು ಕಾದರು. ಅವಳು ಅವರನ್ನು ನೋಡಲೂ ಇಲ್ಲ. ನರ್ಸಿನ ಕೈ ಹಿಡಿದು ಕೇಳಿದಳು—

"ಅಮ್ಮ ಏನಾದ್ರೂ ಅಂದ್ಲಾ?"

"ಮಂಚ ಬಾಗಿಲ ಕಡೆ ತಿರುಗಿಸಿ ಅಂದ್ರು. ಮಗಳು ಒಳಗೆ ಬರ್ತಿದ್ದ ಹಾಗೇ ಕಾಣ್ಬೇಕು ಅಂತ. ತಿರುಗಿಸಿದ್ವಿ."

ಮಗಳು ತಲೆಯಾಡಿಸಿದಳು. ಸೆರಗು ಸರಿಮಾಡಿಕೊಂಡು ಎದ್ದು ಹೋದಳು. ಯಾರ ಮೇಲೂ ದೂರು ಕೊಡಲಿಲ್ಲ.

ಅಂದು ಸಂಜೆಯೊಳಗೆ ಮೂರೂ ಕಡೆ ಕಂಪ್ಯೂಟರು ಮುಚ್ಚಿ, ಕಾಗದದ ಪುಸ್ತಕ ಬಂತು. ಮೇಷ್ಟ್ರು ಒಂದು ನೋಟುಬುಕ್ಕು ಹಿಡಿದು ಆಸ್ಪತ್ರೆಯ ವಾರ್ಡು ವಾರ್ಡು ಅಲೆದರು. ಪ್ರತಿ ಮಂಚದ ಬಳಿ ನಿಂತು ಹೆಸರು ಕೇಳಿ, ಪಟ್ಟಿಯ ಜೊತೆ ತಾಳೆ ನೋಡಿದರು. ಪಟ್ಟಿಯಲ್ಲಿಲ್ಲದ ಒಂಬತ್ತು ಜನ ಸಿಕ್ಕರು. ಇನ್ನೂ ಐದು ಮಂಚ ಖಾಲಿಯಾಗಿದ್ದವು. ಅಲ್ಲಿ ಯಾರಿದ್ದರೆಂದು ಹೇಳುವವರಿರಲಿಲ್ಲ.

ಕೊನೆಯ ಮಂಚದಲ್ಲಿ ಒಬ್ಬ ಮುದುಕ. ಹೆಸರು ಹೇಳಿದ. ಮೇಷ್ಟ್ರ ಪೆನ್ನು ನಿಂತಿತು. ಆ ಹೆಸರು ಅವರಿಗೆ ನೆನಪಿತ್ತು. ಆರನೇ ದಿನ ಒಬ್ಬ ಗಂಡಸು, ಹೆಗಲ ಮೇಲೆ ಮಗು, ಮತ್ತೆ ಮತ್ತೆ ಅದೇ ಹೆಸರು ಹೇಳಿ ಕಂಪ್ಯೂಟರಿನಲ್ಲಿ ನೋಡಿಸಿದ್ದ. ಆಮೇಲೆ ಫೋನ್ ನಂಬರು ಕೊಡದೆ, ಯಾವ ಊರಿಗೆ ಎಂದೂ ಹೇಳದೆ ಹೊರಟುಹೋಗಿದ್ದ.

"ನಮ್ಮೋರು ಯಾರಾದ್ರೂ ಕೇಳ್ಕೊಂಡು ಬಂದಿದ್ರಾ, ಸ್ವಾಮಿ?"

ಸುಳ್ಳು ಹೇಳುವುದು ಸುಲಭವಿತ್ತು. ಮೇಷ್ಟ್ರು ಮಂಚದ ಅಂಚಿನಲ್ಲಿ ಕೂತರು.

"ಬಂದಿದ್ರಪ್ಪ," ಎಂದರು. "ನಾನೇ ಕಳಿಸಿಬಿಟ್ಟೆ."