ಪೆಟ್ರೋಲಿಗೆ ಒಂದು ಚಮಚ ಸೀಸ

ಷಡ್ಡಕನಿಗೆ ಈ ಪ್ರಯೋಗಾಲಯದಲ್ಲಿ ಕೆಲಸ ಕೊಡಿಸಿದವನು ತಾನೇ ಎಂಬುದು ನೆನಪಾದಾಗಲೆಲ್ಲ ಅವನಿಗೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು. ಹೆಂಡತಿಯ ತಂಗಿಯ ಗಂಡ, ಮನೆಯವನೇ, ಒಳ್ಳೆಯ ಹುಡುಗ ಎಂದು ಹಿಂದಿನ ನಿರ್ದೇಶಕರ ಮುಂದೆ ಹಲ್ಲು ಗಿಂಜಿ ನಿಂತಿದ್ದ. ಈಗ ಆ ಒಳ್ಳೆಯ ಹುಡುಗ ಅವನ ತಲೆಯ ಮೇಲೇ ಬಂದು ಕೂರುವವನಿದ್ದ.

ಪ್ರಯೋಗಾಲಯದಲ್ಲಿ ಎರಡು ವಿಭಾಗ. ಮೇಲಿನ ಮಹಡಿಯಲ್ಲಿ ಆಹಾರ, ಕೆಳಗೆ ಇಂಧನ. ಎರಡರಲ್ಲೂ ನಡೆಯುವುದು ಒಂದೇ ಹುಡುಕಾಟ: ಕಣ್ಣಿಗೆ ಕಾಣದಷ್ಟು ಲೋಹ ಎಲ್ಲಿ ಅಡಗಿದೆ, ಎಷ್ಟಿದೆ. ಮಗುವಿನ ಹಾಲಿನ ಪುಡಿಯಲ್ಲಿ ಸೀಸ, ಡಬ್ಬಿಯ ಹಣ್ಣಿನಲ್ಲಿ ತವರ, ಪೆಟ್ರೋಲಿನಲ್ಲಿ ಮತ್ತೆ ಸೀಸ. ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದ ಉರಿಯಲ್ಲಿ ಪ್ರತಿಯೊಂದು ಲೋಹವೂ ತನ್ನದೇ ಬಣ್ಣದಲ್ಲಿ ಬೆಳಗುತ್ತದೆ. ಆ ಬೆಳಕನ್ನು ಅಳೆದರೆ ಲೆಕ್ಕ ಸಿಕ್ಕಿತು. ಎರಡೂ ವಿಭಾಗಗಳನ್ನು ಸೇರಿಸಿ ಒಬ್ಬನೇ ಮುಖ್ಯಸ್ಥನನ್ನು ನೇಮಿಸುವುದೆಂದು ತೀರ್ಮಾನವಾಗಿತ್ತು. ಆ ಒಬ್ಬ ಯಾರು ಎಂದು ನಿರ್ದೇಶಕಿ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಆದರೆ ಕ್ಯಾಂಟೀನಿನಲ್ಲಿ ಎಲ್ಲರೂ ಆಗಲೇ ಷಡ್ಡಕನ ಕೈಕುಲುಕುತ್ತಿದ್ದರು.

ಹೊಟ್ಟೆ ಉರಿಯದೆ ಇರುತ್ತದೆಯೇ? ಆಹಾರದ ಕೆಲಸವೆಂದರೆ ತಪಸ್ಸು. ಅರೆಯಬೇಕು, ತೂಗಬೇಕು, ಆಮ್ಲ ಸುರಿದು ಕಾಯಿಸಿ ಕಾಯಿಸಿ ತಿಳಿನೀರಿನಂತೆ ಕರಗಿಸಬೇಕು. ಆಮೇಲಷ್ಟೇ ಯಂತ್ರಕ್ಕೆ. ಬೆರಳಿನ ಉಂಗುರ ತಾಗಿದರೂ ಲೆಕ್ಕ ಕೆಡುತ್ತದೆಂದು ಅವನು ಮದುವೆಯ ಉಂಗುರ ಬಿಚ್ಚಿಟ್ಟು ವರ್ಷಗಳೇ ಆಗಿದ್ದವು. ತಲೆಗೆ ಬಣ್ಣ ಹಚ್ಚುವಂತಿಲ್ಲ, ಅದರಲ್ಲೂ ಲೋಹ. ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಸೀಸವಿದ್ದರೂ ಕಿವಿ ಹಿಡಿದು ಎಳೆದು ತರುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದುದರಿಂದ ಅವನಿಗೆ 'ನೂರು ಕೋಟಿ' ಎಂಬ ಅಡ್ಡಹೆಸರೇ ಬಿದ್ದಿತ್ತು. ಕೆಳಗಿನವರಿಗೆ ಏನು ಕಷ್ಟ? ಪೆಟ್ರೋಲು ಮೊದಲೇ ತೆಳು. ಸುರಿ, ತೆಳುಮಾಡು, ಯಂತ್ರಕ್ಕೆ ಕುಡಿಸು, ಮನೆಗೆ ಹೋಗು. ಆದರೂ ಹೊಸ ಯಂತ್ರ ಬಂದದ್ದು ಅವರಿಗೆ. ಅವನ ಯಂತ್ರದ ಪಂಪು ಇಡೀ ದಿನ ಕಿರ್ರೋ ಎನ್ನುತ್ತಿತ್ತು. ಬದಲಿಸಿ ಎಂದು ಕೇಳಿದಾಗಲೆಲ್ಲ "ನೋಡೋಣ" ಎಂಬ ಉತ್ತರ.

ಮನೆಯಲ್ಲೂ ಬಿಡುಗಡೆಯಿಲ್ಲ.

"ತಂಗಿ ಫೋನ್ ಮಾಡಿದ್ಲು," ಎಂದಳು ಹೆಂಡತಿ. "ಅವಳ ಗಂಡನಿಗೇ ಆಗುತ್ತಂತೆ ಅಂದ್ಲು. ನಿಮಗೇನೂ ಬೇಜಾರಿಲ್ಲ ತಾನೇ ಅಂತ ಕೇಳಿದ್ಲು."

"ನೀನೇನಂದೆ?"

"ಅವರಿಗೇನು ಬೇಜಾರು, ಅವರಿಗೆ ಅಷ್ಟೆಲ್ಲ ಆಸೆ ಇಲ್ಲ ಅಂದೆ."

ಅಷ್ಟೆಲ್ಲ ಆಸೆ ಇಲ್ಲ! ಆ ರಾತ್ರಿ ಅವನು ಅರ್ಧ ಊಟಕ್ಕೇ ಎದ್ದ. ಎಲ್ಲಕ್ಕಿಂತ ಹೆಚ್ಚು ಕೆರಳಿಸುತ್ತಿದ್ದುದು ಷಡ್ಡಕನ ಒಳ್ಳೆಯತನ. ಒಂದು ದಿನವಾದರೂ ಅವನು ದರ್ಪ ತೋರಿಸಿದ್ದರೆ ದ್ವೇಷಿಸಲು ಸಲೀಸಾಗುತ್ತಿತ್ತು. "ಅಣ್ಣ, ನೀವು ಹೇಳಿಕೊಟ್ಟಿದ್ದು" ಎಂದು ಕಂಡವರ ಮುಂದೆಲ್ಲ ಹೇಳುತ್ತಿದ್ದ, ಪಾಪದವನು.

ಕೊನೆಯ ಪ್ರಯತ್ನವೆಂದು ಅವನು ನಿರ್ದೇಶಕಿಯ ಕೋಣೆಗೆ ಹೋಗಿ ಕೇಳಿಯೂ ಬಿಟ್ಟ.

"ನಿಮ್ಮ ಕೆಲಸದ ಬಗ್ಗೆ ಎರಡು ಮಾತಿಲ್ಲ," ಎಂದರು ಆಕೆ. "ಆದ್ರೆ ಇಂಧನದ ಕಡೆ ನೀವು ಯಾವತ್ತೂ ಕೈ ಹಾಕಿಲ್ವಲ್ಲ."

"ಅದ್ರಲ್ಲೇನಿದೆ ಮೇಡಂ? ಲೋಹ ಎಲ್ಲಿದ್ರೂ ಲೋಹನೇ. ಹಾಲಿನಲ್ಲಿ ಹುಡುಕಿದವನಿಗೆ ಪೆಟ್ರೋಲಲ್ಲಿ ಹುಡುಕೋದು ಒಂದು ಕೆಲಸನಾ?"

ಆಕೆ ಮುಗುಳ್ನಕ್ಕು ಬೇರೆ ಮಾತು ತೆಗೆದರು. ಬೇಡಿ ಪಡೆಯುವ ಕಾಲ ಮುಗಿಯಿತು ಎಂದು ಅವನು ಮೆಟ್ಟಿಲು ಹತ್ತುವಾಗಲೇ ನಿಶ್ಚಯಿಸಿದ.

ಉಪಾಯ ತಾನಾಗಿಯೇ ಹೊಳೆಯಿತು. ಅವರ ವೃತ್ತಿಯಲ್ಲಿ ಕ್ಷಮೆಯಿಲ್ಲದ ಪಾಪ ಒಂದೇ: ಇಲ್ಲದ ಲೋಹವನ್ನು ಇದೆ ಎನ್ನುವುದು. ಇದ್ದದ್ದು ತಪ್ಪಿಹೋದರೆ ಯಂತ್ರದ ಮೇಲೆ ಹಾಕಬಹುದು. ಇಲ್ಲದ್ದು ಕಂಡರೆ ಕೋಣೆ ಕೊಳಕು, ಕೈ ಕೊಳಕು ಎಂದೇ ಅರ್ಥ. ಒಂದು ದೊಡ್ಡ ಪೆಟ್ರೋಲ್ ದಾಸ್ತಾನಿನ ಮೇಲೆ ದೂರು ಬಂದು, ಅದರ ಮಾದರಿ ಷಡ್ಡಕನ ಕೈಗೆ ಬರುವುದಿತ್ತು. ಅದೇ ಮಾದರಿಯ ಎರಡನೆಯ ಬಾಟಲಿ ಮೊಹರಾಗಿ ಬೇರೊಂದು ಪ್ರಯೋಗಾಲಯದಲ್ಲಿ ಕೂತಿರುತ್ತದೆ. ಷಡ್ಡಕ ಸೀಸವಿದೆ ಎಂದು ಬರೆದುಕೊಟ್ಟರೆ ದಾಸ್ತಾನಿಗೆ ಬೀಗ. ಮಾಲೀಕರು ಸುಮ್ಮನಿರುವ ಜನವಲ್ಲ. ಎರಡನೆಯ ಬಾಟಲಿ ತೆರೆಸುತ್ತಾರೆ. ಅದರಲ್ಲಿ ಸೀಸದ ಸುಳಿವೇ ಇರುವುದಿಲ್ಲ. ಆಮೇಲೆ ಷಡ್ಡಕ ಯಾವ ಮುಖ ಹೊತ್ತು ಮುಖ್ಯಸ್ಥನಾಗುತ್ತಾನೆ?

ಯಾರೂ ಸಾಯುವುದಿಲ್ಲ, ಯಾರ ಮನೆಯೂ ಮುಳುಗುವುದಿಲ್ಲ. ಷಡ್ಡಕನನ್ನು ಕೆಲಸದಿಂದ ತೆಗೆಯದಂತೆ ತಾನೇ ನಿಂತು ವಾದಿಸುವುದೆಂದೂ ಅವನು ಯೋಚಿಸಿಟ್ಟ. ದೊಡ್ಡ ಮನಸ್ಸಿನವನು ಎಂಬ ಹೆಸರು ಬಂದರೆ ಬೇಡವೆನ್ನಲು ಅವನೇನು ಸನ್ಯಾಸಿಯೇ?

ಮುಂದಿನದೆಲ್ಲ ಅವನ ಮನೆಯಂಗಳ. ಯಂತ್ರವನ್ನು ಹದಗೊಳಿಸಲು ಇಟ್ಟುಕೊಳ್ಳುವ, ಗೊತ್ತಾದ ಪ್ರಮಾಣದಲ್ಲಿ ಸೀಸ ಕರಗಿಸಿದ ದ್ರಾವಣ ಅವನ ಕಪಾಟಿನಲ್ಲೇ ಇತ್ತು. ಹೊಸ ಬಾಟಲಿ ಒಡೆದರೆ ಲೆಕ್ಕ ಕೊಡಬೇಕಾಗುತ್ತದೆ. ಅವಧಿ ಮುಗಿದು ಚೆಲ್ಲಲು ತೆಗೆದಿಟ್ಟಿದ್ದ ಹಳೆಯದರ ತಳದಲ್ಲಿ ಬೇಕಾದಷ್ಟಿತ್ತು. ಎಷ್ಟು ಹಾಕುವುದು ಎಂಬುದರಲ್ಲಿ ಅವನ ಜಾಣತನವೆಲ್ಲ ಇತ್ತು. ಹೆಚ್ಚಾದರೆ ಯಾರೋ ಸುರಿದಿದ್ದಾರೆ ಎಂದು ಹಸುಳೆಗೂ ಗೊತ್ತಾಗುತ್ತದೆ. ಕಡಿಮೆಯಾದರೆ ಕಾನೂನಿನ ಮಿತಿಯೊಳಗೆ ಉಳಿದು ಬೆವರು ಸುರಿಸಿದ್ದು ದಂಡ. ಮಿತಿಯ ಮೂರು ಪಟ್ಟು ಸರಿ ಎಂದು ಲೆಕ್ಕ ಹಾಕಿದ. ಆ ಬಾಟಲಿಗೆ ಹೆಚ್ಚುಕಡಿಮೆ ಒಂದು ಚಮಚ.

ಸತುವನ್ನೂ ತಾಮ್ರವನ್ನೂ ಅವನು ಯೋಚಿಸಿ ಕೈಬಿಟ್ಟಿದ್ದ. ಸತು ಕೈಗವಸಿನ ಪುಡಿಯಿಂದ ಬಂತು ಎಂದು ಯಾರಾದರೂ ತೇಲಿಸಿಬಿಡುತ್ತಾರೆ, ತಾಮ್ರವನ್ನು ನಲ್ಲಿಯ ತಲೆಗೆ ಕಟ್ಟುತ್ತಾರೆ. ಸೀಸ ಎಂದರೆ ಮಾತ್ರ ಜನ ಕುರ್ಚಿಯಿಂದ ಏಳುತ್ತಾರೆ. ಕೈಗವಸು ಪುಡಿಯಿಲ್ಲದ್ದು, ದ್ರಾವಣ ಹೀರುವ ಪಿಪೆಟ್ಟಿನ ಪ್ಲಾಸ್ಟಿಕ್ ತುದಿ ಹೊಸದು. ಕೆಲಸ ಮುಗಿದ ಮೇಲೆ ಎರಡೂ ಅವನದೇ ವಿಭಾಗದ ಕಸದೊಳಗೆ, ನೂರಾರು ಅಂಥವೇ ತುದಿಗಳ ನಡುವೆ. ಇಂಥ ಎಚ್ಚರಿಕೆ ಅವನಿಗೆ ಹೊಸದಲ್ಲ. ಕುರುಹು ಉಳಿಸದೆ ಕೆಲಸ ಮಾಡುವುದೇ ಅವನ ಜೀವನವಾಗಿತ್ತು.

ಆ ದಿನ ಬೆಳಿಗ್ಗೆ ಮಾದರಿ ಬಂದಿತು. ಮಧ್ಯಾಹ್ನ ಊಟಕ್ಕೆ ಅವನು ಕೆಳಗಿಳಿದಾಗ ಷಡ್ಡಕ ಆಗಲೇ ಎರಡೂ ಮನೆಯ ಊಟದ ಡಬ್ಬಿಗಳನ್ನು ಕೈಯಲ್ಲಿ ಹಿಡಿದು ಇಂಧನ ವಿಭಾಗದ ಬಾಗಿಲಲ್ಲಿ ನಿಂತಿದ್ದ. ಅಕ್ಕತಂಗಿಯರ ಅಡುಗೆಯನ್ನು ಹಂಚಿಕೊಂಡು ತಿನ್ನುವುದು ಅವರ ರೂಢಿ.

"ಬಿಸಿ ಮಾಡ್ಕೊಂಡು ಬರ್ತೀನಿ ಅಣ್ಣ. ನೀವು ಒಳಗೆ ಫ್ಯಾನ್ ಕೆಳಗೆ ಕೂತಿರಿ. ಮೆಟ್ಟಿಲು ಇಳಿದು ಸುಸ್ತಾಗಿದೀರ."

"ಹೋಗಪ್ಪ, ನಾನೇನು ಮುದುಕನಾ?"

"ಅಯ್ಯೋ, ಹಾಗಲ್ಲಣ್ಣ," ಎಂದು ನಗುತ್ತ ಅವನು ಕ್ಯಾಂಟೀನಿನ ಕಡೆ ಹೋದ.

ಮಾದರಿ ಮೇಜಿನ ಮೇಲೆಯೇ ಇತ್ತು, ಬೆಳಕು ತಾಗದಂತೆ ದಪ್ಪ ಕಂದು ಗಾಜಿನ ಬಾಟಲಿಯಲ್ಲಿ. ಮೊಹರು ಬೆಳಿಗ್ಗೆಯೇ ಒಡೆದು ನೋಂದಣಿ ಮುಗಿದಿತ್ತು. ಅವನು ಮುಚ್ಚಳ ತಿರುಗಿಸಿದ. ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಜೇಬಿನಲ್ಲಿ ತಂದಿದ್ದ ದ್ರಾವಣ ಹೀರಿಕೊಂಡ ಪಿಪೆಟ್ಟನ್ನು ಒಳಗಿಳಿಸಿ ಹೆಬ್ಬೆರಳು ಒತ್ತಿದ. ಮುಚ್ಚಳ ಬಿಗಿದು, ಎಲ್ಲೆಡೆ ಸಮನಾಗಿ ಬೆರೆಯಲೆಂದು ಮೆಲ್ಲಗೆ ಮೇಲೆ ಕೆಳಗೆ ಮಾಡಿ, ಇದ್ದ ಜಾಗದಲ್ಲೇ ಇದ್ದ ಹಾಗೆಯೇ ಇಟ್ಟ. ಷಡ್ಡಕ ಡಬ್ಬಿಗಳೊಂದಿಗೆ ಬಂದಾಗ ಅವನು ಫ್ಯಾನಿನ ಕೆಳಗೆ ಕಣ್ಣು ಮುಚ್ಚಿ ಕೂತಿದ್ದ. ಎಷ್ಟೋ ದಿನಗಳ ನಂತರ ಹೊಟ್ಟೆ ತುಂಬ ಉಂಡ.

ಸಂಜೆ ಹೊರಡುವ ಹೊತ್ತಿಗೆ ಕೆಳಗಿನಿಂದ ಕರೆ ಬಂತು. ನಿರ್ದೇಶಕಿಯದೇ ದನಿ: "ಸ್ವಲ್ಪ ಇಂಧನ ವಿಭಾಗಕ್ಕೆ ಬರ್ತೀರಾ?" ದನಿಯಲ್ಲಿ ಆತಂಕವಿತ್ತು. ಅವನು ಕನ್ನಡಿಯ ಮುಂದೆ ನಿಂತು ಮುಖಕ್ಕೆ ಬೇಕಾದಷ್ಟೇ ಚಿಂತೆ ತಂದುಕೊಂಡ. 'ಏನಾಯ್ತು' ಎಂಬ ಮಾತನ್ನು ಎರಡು ಬಗೆಯಲ್ಲಿ ಹೇಳಿ ನೋಡಿ, ಮೆತ್ತಗಿನದನ್ನು ಆರಿಸಿಕೊಂಡ. ಮೆಟ್ಟಿಲುಗಳನ್ನು ಯೌವನದಲ್ಲಿ ಇಳಿದ ಹಾಗೆ ಇಳಿದ.

ಷಡ್ಡಕನ ಮುಖ ಬಿಳಿಚಿಕೊಂಡಿತ್ತು. ನಿರ್ದೇಶಕಿ ಮೇಜಿಗೆ ಒರಗಿ ನಿಂತಿದ್ದರು.

"ಏನಾಯ್ತು?" ಎಂದು ಅವನು ಮೆತ್ತಗೆ ಕೇಳಿದ.

"ಗೊತ್ತಾಗ್ತಿಲ್ಲಣ್ಣ," ಎಂದ ಷಡ್ಡಕ. "ಇನ್ನೂ ಯಂತ್ರಕ್ಕೇ ಹಾಕಿಲ್ಲ. ಹಾಕೋಕೆ ಅಂತ ಸುರಿದೆ, ಹೀಗಿದೆ ನೋಡಿ." ಅವನು ಬಣ್ಣವಿಲ್ಲದ ಗಾಜಿನ ಉದ್ದನೆಯ ಕೊಳವೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ. ಮೇಲೆಲ್ಲ ತೆಳು ಹಳದಿ ಪೆಟ್ರೋಲು. ತಳದಲ್ಲಿ, ಅದರ ಜೊತೆ ಒಂದಿಷ್ಟೂ ಸೇರದೆ, ಒಂದು ಚಮಚದಷ್ಟು ತಿಳಿನೀರು ತನ್ನ ಪಾಡಿಗೆ ತಾನು ಕೂತಿತ್ತು. "ಬೆಳಿಗ್ಗೆ ಮೊಹರು ಒಡೆದ ತಕ್ಷಣ ಮೇಡಂ ಮುಂದೇನೇ ಕೊಳವೆಗೆ ಸುರಿದು ನೋಡಿ ವಾಪಸ್ ತುಂಬಿದ್ವಿ. ಒಂದು ಹನಿ ನೀರಿರಲಿಲ್ಲ. ನಮ್ಮಲ್ಲಿ ಮೊದಲು ನೋಡೋದೇ ಅದನ್ನ." ನಿರ್ದೇಶಕಿ ಆ ನೀರಿನಲ್ಲಿ ಅದ್ದಿ ತೆಗೆದ ಕಾಗದದ ಪಟ್ಟಿಯನ್ನು ಅವನ ಮುಂದಿಟ್ಟರು. ಆಮ್ಲ ತಾಗಿ ಅದು ಕೆಂಪಗಾಗಿತ್ತು. ಆ ಕಟ್ಟಡದಲ್ಲಿ ಆಮ್ಲ ಬಳಸುವುದು ಮೇಲಿನ ಮಹಡಿಯಲ್ಲಿ ಮಾತ್ರ. ಇಷ್ಟು ವರ್ಷ ಅವನ ಕೈಯಲ್ಲಿ ಪ್ರತಿಯೊಂದೂ ಆಮ್ಲದಲ್ಲಿ, ನೀರಿನಲ್ಲಿ ಕರಗಿತ್ತು, ಸುರಿದದ್ದೆಲ್ಲ ಒಂದಕ್ಕೊಂದು ಬೆರೆತಿತ್ತು. ತನ್ನ ಸೀಸವೂ ಆಮ್ಲ ಬೆರೆಸಿದ ನೀರಿನಲ್ಲೇ ಇದೆ, ಪೆಟ್ರೋಲಿಗೆ ನೀರು ಬೆರೆಯುವುದಿಲ್ಲ ಎಂಬುದು ಸ್ಕೂಟರು ಓಡಿಸುವ ಯಾರಿಗಾದರೂ ಹೊಳೆಯುತ್ತಿತ್ತು, ಅವನಿಗೆ ಹೊಳೆದಿರಲಿಲ್ಲ. "ನೀರಿನ ಮಾದರಿ ನಮ್ಮ ಯಂತ್ರಕ್ಕೆ ಆಗಲ್ಲಣ್ಣ, ನಿಮ್ಮದರಲ್ಲೇ ಅಳೀಬೇಕು," ಎಂದು ಷಡ್ಡಕ ಆ ಚಮಚದಷ್ಟನ್ನು ಜೋಪಾನವಾಗಿ ಹೀರಿ ಪುಟ್ಟ ಟ್ಯೂಬಿಗೆ ತುಂಬಿ ಅವನ ಕೈಗೆ ಕೊಟ್ಟ. "ನಡೀರಿ," ಎಂದರು ನಿರ್ದೇಶಕಿ, ಅವನ ಮುಖದಿಂದ ಕಣ್ಣು ತೆಗೆಯದೆ. "ನೀವೇ ಅಳೀರಿ. ನಾನು ಪಕ್ಕದಲ್ಲೇ ನಿಂತಿರ್ತೀನಿ."