ದೋಣಿ ಖಾಲಿ ಇರಲಿಲ್ಲ

"ದಿವಂಗತ ಅಂದ್ರೆ ಏನು?" ಎಂದು ಅವಳು ಕೇಳಿದಳು.

ಕೇಳಿದ್ದು ಮೆತ್ತಗೆ. ಅವಳ ಪೆನ್ಸಿಲ್ಲಿನ ತುದಿ ಪುಸ್ತಿಕೆಯ ಹನ್ನೊಂದನೇ ಪುಟದ ಮೇಲಿತ್ತು. ಆ ಪುಟ ಅವನಿಗೆ ಬಾಯಿಪಾಠ, ಬರೆದವನು ಅವನೇ ತಾನೆ. 'ಸರೋವರದ ದೋಣಿಯವಳ ಕಥೆ. ಹೇಳಿದವರು: ಊರಿನ ಒಬ್ಬ ಹಿರಿಯ ಮಹಿಳೆ, ದಿವಂಗತ.'

"ಬೆಳಿಗ್ಗೆ ನಾನು ಮನೆಯಿಂದ ಹೊರಟಾಗ ದಿವಂಗತರು ಕೊಡೆ ಎಲ್ಲಿಟ್ಟೆ ಅಂತ ನನ್ನ ಬೈತಾ ಇದ್ರು," ಎಂದಳು. "ಅದಕ್ಕೇ ಕೇಳಿದೆ."

ನಗುತ್ತಾಳೇನೋ ಎಂದು ಅವನು ಮುಖ ನೋಡಿದ. ನಗಲಿಲ್ಲ. ನೆಲ ಬಿರಿದು ನುಂಗಬಾರದೇ ಅನ್ನಿಸುವ ಗಳಿಗೆಯಲ್ಲಿ ನೆಲ ಎಂದೂ ಬಿರಿಯುವುದಿಲ್ಲ. ಮ್ಯೂಸಿಯಂನ ನೆಲವಂತೂ ಗಟ್ಟಿ ಕಲ್ಲಿನದು.

ಅವನು ವಿಡಿಯೋ ಗೇಮ್ ಕಂಪನಿಯಲ್ಲಿ ಕಥೆ ಬರೆಯುವವನು. ಆಟದೊಳಗಿನ ಕೋಟೆ ಯಾವ ನಿಜವಾದ ಕೋಟೆಯನ್ನು ನೋಡಿ ಕಟ್ಟಿದ್ದು, ಮೂರು ತಲೆಯ ಹಕ್ಕಿ ಯಾವ ನಾವಿಕರ ಕಟ್ಟುಕಥೆಯಿಂದ ಹಾರಿ ಬಂತು ಎಂದು ಊಟದ ಹೊತ್ತಿನಲ್ಲೂ ಬಿಚ್ಚಿಡುತ್ತಿದ್ದುದರಿಂದ ಆಫೀಸಿನಲ್ಲಿ ಅವನನ್ನು ಪುರಾಣಿಕ ಎಂದೇ ಕರೆಯುತ್ತಿದ್ದರು. ಮುಂದಿನ ತಿಂಗಳು ಹೊಸ ಆಟ ಬಿಡುಗಡೆ. ಅದರ ಜೊತೆಗೆ ಆಟದ ಹಿಂದಿನ ಇತಿಹಾಸ, ದಂತಕಥೆಗಳ ಬಗ್ಗೆ ಒಂದು ಪುಸ್ತಿಕೆ. ಅದೇ ವಿಷಯದ ಮೇಲೆ ಮ್ಯೂಸಿಯಂನಲ್ಲಿ ಒಂದು ಪ್ರದರ್ಶನ. ಅವಳು ಆ ಮ್ಯೂಸಿಯಂನಲ್ಲಿ ವಸ್ತುಗಳ ಕೆಳಗೆ ಹಾಕುವ ಚೀಟಿಗಳನ್ನು ಬರೆಯುವವಳು.

ಒಂದು ಚೀಟಿಗೆ ನಲವತ್ತು ಪದ. ಮೊದಲ ದಿನ ಅವನು ಇನ್ನೂರು ಪದ ಬರೆದು ತಂದಿದ್ದ, ಹೆಮ್ಮೆಯಿಂದ. ಅವಳು ಪೆನ್ಸಿಲ್ ತೆಗೆದುಕೊಂಡು ಕಳೆ ಕೀಳುವಂತೆ ಕಿತ್ತಳು. 'ಎಂದು ಹೇಳಲಾಗುತ್ತದೆ' ಎಂದಿದ್ದಲ್ಲೆಲ್ಲ ಒಂದು ಸುತ್ತು ಹಾಕಿ ಪಕ್ಕದಲ್ಲಿ ಬರೆದಳು: 'ಯಾರು ಹೇಳಿದ್ದು?'

"ಎಲ್ಲರೂ ಹೇಳ್ತಾರೆ," ಎಂದಿದ್ದ ಅವನು.

"ಎಲ್ಲರೂ ಅನ್ನೋರನ್ನ ನಾನು ಇದುವರೆಗೆ ಭೇಟಿ ಮಾಡಿಲ್ಲ," ಎಂದಿದ್ದಳು ಅವಳು, ತಲೆ ಎತ್ತದೆ.

ಅವಳಿಗೊಂದು ಅಭ್ಯಾಸ. ಓದುತ್ತ ಓದುತ್ತ ಪೆನ್ಸಿಲ್ಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವಳು, ಮರುಗಳಿಗೆ ಮೇಜೆಲ್ಲ ಹುಡುಕುವಳು. ಕಾಗದ ಎತ್ತಿ ನೋಡುವಳು, ಡ್ರಾಯರ್ ಎಳೆಯುವಳು, ಹುಬ್ಬು ಗಂಟಿಕ್ಕಿ ಅವನ ಜೇಬಿನ ಕಡೆಗೂ ಒಂದು ಅನುಮಾನದ ನೋಟ ಎಸೆಯುವಳು. ಅವನು ಸುಮ್ಮನಿರುತ್ತಿದ್ದ. ನಾಲ್ಕನೆಯ ದಿನ ಸಿಕ್ಕಿಬಿದ್ದ.

"ಗೊತ್ತಿದ್ದೂ ಹೇಳ್ಲಿಲ್ವಾ?"

"ನೀವು ಹುಡುಕೋದು ಚೆನ್ನಾಗಿರುತ್ತೆ."

ಪೆನ್ಸಿಲ್ ಇದ್ದ ಕಿವಿ ಮೊದಲು ಕೆಂಪಾಯಿತು, ಆಮೇಲೆ ಇನ್ನೊಂದು. ಆ ವಾರದಲ್ಲೇ 'ನೀವು' ಹೋಗಿ 'ನೀನು' ಬಂತು. ಬಂದದ್ದು ಯಾರ ಬಾಯಿಂದ ಮೊದಲು ಎಂದು ಇಬ್ಬರಿಗೂ ನೆನಪಿಲ್ಲ, ಅಥವಾ ನೆನಪಿಲ್ಲದವರ ಹಾಗೆ ಇದ್ದರು. ಅವನ ಆಫೀಸಿಗೂ ಮ್ಯೂಸಿಯಂಗೂ ಎರಡು ಬಸ್ ಬದಲಾಯಿಸಬೇಕು. ಇಮೇಲಿನಲ್ಲಿ ಮುಗಿಯುವ ಕೆಲಸಕ್ಕೂ ಅವನು ಎರಡು ಬಸ್ ಬದಲಾಯಿಸಿದ.

ಅಂಥದೇ ಒಂದು ಮಧ್ಯಾಹ್ನ ಅವಳು ಅವನನ್ನು ತನ್ನ ಅಜ್ಜಿಯ ಬಳಿ ಕರೆದುಕೊಂಡು ಹೋಗಿದ್ದಳು.

ಊರಿನಂಚಿನ ಸರೋವರದ ತಳದಲ್ಲಿ ಒಂದು ಹಳೆಯ ಪೇಟೆ ಮುಳುಗಿದೆ. ನೀರು ನುಗ್ಗಿದ ದಿನ ದೋಣಿ ನಡೆಸುವ ಹೆಂಗಸು ಯಾರನ್ನೂ ಹತ್ತಿಸಿಕೊಳ್ಳದೆ ಖಾಲಿ ದೋಣಿಯಲ್ಲಿ ತಪ್ಪಿಸಿಕೊಂಡಳು, ಅದಕ್ಕೇ ಅವಳಿಗೆ ಇನ್ನೂ ದಡ ಸಿಕ್ಕಿಲ್ಲ ಎಂಬುದು ಊರವರ ಕಥೆ. ಅಜ್ಜಿ ಆ ಹೆಂಗಸಿನ ಮೊಮ್ಮಗಳು. ಶಾಲೆಯಲ್ಲಿ ಅವರ ಪಕ್ಕ ಯಾರೂ ಕೂರುತ್ತಿರಲಿಲ್ಲವಂತೆ. 'ಖಾಲಿ ದೋಣಿ ಮನೆಯವಳು' ಎಂದೇ ಹೆಸರು.

"ದೋಣಿ ಖಾಲಿ ಇರ್ಲಿಲ್ಲಪ್ಪಾ," ಎಂದಿದ್ದರು ಅಜ್ಜಿ. "ಅಲೆ ಜೋರಿತ್ತು. ಮಕ್ಕಳು ಎದ್ದು ಕೂತ್ರೆ ದೋಣಿ ಮಗುಚುತ್ತೆ ಅಂತ ಎಲ್ರನ್ನೂ ತಳದಲ್ಲಿ ಅಂಗಾತ ಮಲಗಿಸಿದ್ಲು. ಹತ್ತೊಂಬತ್ತು ಮಕ್ಕಳು. ದಡದಲ್ಲಿ ನಿಂತೋರಿಗೆ ಕಂಡಿದ್ದು ಅವಳೊಬ್ಬಳೇ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ, ಅದನ್ನ ಯಾರೂ ಮಾಡ್ಲಿಲ್ಲ."

ದೊಡ್ಡವರನ್ನು ಕರೆತರಲು ಮತ್ತೆ ಹೋದವಳು ತಿರುಗಿ ಬರಲಿಲ್ಲ. ಆಚೆ ದಡಕ್ಕೆ ಸೇರಿದ ಮಕ್ಕಳು ತೀರಾ ಚಿಕ್ಕವರು. ಅವರ ಮಾತನ್ನು ಯಾರು ಕೇಳಬೇಕು. ಇಷ್ಟು ಹೇಳಿ ಅಜ್ಜಿ ಅವನ ಕೈ ಹಿಡಿದುಕೊಂಡಿದ್ದರು. ಆಟ ಆಡೋ ಹುಡುಗರು ಲಕ್ಷ ಜನ ಅಂತೀಯಲ್ಲ, ಲಕ್ಷ ಜನಕ್ಕೆ ಗೊತ್ತಾದ್ರೆ ಸಾಕಪ್ಪಾ ಎಂದಿದ್ದರು.

ಅವನು ಆಗಲಿ ಎಂದಿದ್ದ. ಹಿಂತಿರುಗುವಾಗ ಅವಳೂ ಬಸ್ ಸ್ಟಾಪಿನವರೆಗೆ ಬಂದಿದ್ದಳು, ಮೊದಲ ಬಸ್ಸನ್ನು ಇಬ್ಬರೂ ಬೇಕಂತಲೇ ಬಿಟ್ಟಿದ್ದರು.

ಆದರೆ ಆಟದ ಮೂರನೆಯ ಹಂತಕ್ಕೆ ಒಂದು ರಾಕ್ಷಸಿ ಬೇಕಾಗಿತ್ತು. ಟೀಮ್ ಲೀಡರ್ ಖಾಲಿ ದೋಣಿಯ ಕಥೆ ಕೇಳಿದವಳೇ ಮೇಜು ಕುಟ್ಟಿದಳು. ಕೊಳೆತ ಕೂದಲು, ಕೈಯಲ್ಲಿ ದೋಣಿ ನೂಕುವ ಉದ್ದದ ಜಲ್ಲೆ, ದೋಣಿ ಮುಳುಗಿಸಿದರೆ ಆಟಗಾರನಿಗೆ ಗೆಲುವು. ಅವನು ಬಾಯಿ ಬಿಡಬೇಕಿತ್ತು. ಚಿತ್ರಗಾರರು ಆಗಲೇ ಬಿಡಿಸತೊಡಗಿದ್ದರು, ಎಲ್ಲರೂ ಪುರಾಣಿಕನ ಬೆನ್ನು ತಟ್ಟುತ್ತಿದ್ದರು. ತಟ್ಟಿಸಿಕೊಂಡು ಸುಮ್ಮನಾದ.

ಆಮೇಲೆ ಕಂಪನಿಯ ವಕೀಲರಿಂದ ಒಪ್ಪಿಗೆ ಪತ್ರ ಬಂತು. ಕಥೆ ಹೇಳಿದವರು ಬದುಕಿದ್ದರೆ, ಅದನ್ನು ಆಟದಲ್ಲಿ ಹೇಗೆ ಬಳಸಿದೆ ಎಂದು ತೋರಿಸಿ ಸಹಿ ಹಾಕಿಸಬೇಕು. ತೀರಿಕೊಂಡಿದ್ದರೆ ಸಹಿ ಬೇಡ, 'ದಿವಂಗತ' ಎಂಬ ಎರಡನೆಯ ಚೌಕದಲ್ಲಿ ಒಂದು ಗುರುತು ಹಾಕಿದರಾಯಿತು. ರಾಕ್ಷಸಿಯ ಚಿತ್ರ ಹಿಡಿದು ಅಜ್ಜಿಯ ಮುಂದೆ ಕೂರುವುದನ್ನು ಅವನು ಮೂರು ದಿನ ಯೋಚಿಸಿದ. ನಾಲ್ಕನೆಯ ದಿನ, ಕಾಫಿ ಕುಡಿದಿಟ್ಟ ಲೋಟದ ಪಕ್ಕದಲ್ಲಿ, ಎರಡನೆಯ ಚೌಕದಲ್ಲಿ ಗುರುತು ಹಾಕಿದ. ಅಷ್ಟೇ ಕೆಲಸ. ಒಬ್ಬ ಮುದುಕಿಯನ್ನು ಸಾಯಿಸಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅಂದಿನಿಂದ ಅವಳು ಅಜ್ಜಿಯ ಮಾತೆತ್ತಿದರೆ ಸಾಕು, ಅವನು ಬೇರೆ ಮಾತಿಗೆ ಹೊರಳುತ್ತಿದ್ದ. ಅಜ್ಜಿ ಕೇಳ್ತಿದ್ರು ಎಂದರೆ, ಬಿಸಿಲು ಜಾಸ್ತಿ ಅಲ್ವಾ ಎನ್ನುತ್ತಿದ್ದ.

ಈಗ ಪುಟ ಹನ್ನೊಂದು ಅವಳ ಮುಂದಿತ್ತು. ಅವನು ಎಲ್ಲವನ್ನೂ ಹೇಳಿದ. ರಾಕ್ಷಸಿ, ಜಲ್ಲೆ, ಚೌಕ. ಅವಳು ಪೆನ್ಸಿಲ್ಲನ್ನು ಡ್ರಾಯರಿನಲ್ಲಿಟ್ಟು ಮುಚ್ಚಿದಳು.

"ನನ್ನ ಹತ್ರ ಕ್ಷಮೆ ಕೇಳ್ಬೇಡಿ," ಎಂದಳು. "ಸತ್ತಿರೋರು ಮನೇಲಿದ್ದಾರೆ. ಅಲ್ಲಿ ಹೋಗಿ ಹೇಳಿ."

ಕೇಳ್ಬೇಡಿ, ಹೇಳಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ಮರ್ಯಾದೆ ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ಲ್ಯಾಪ್‌ಟಾಪ್ ಹಿಡಿದು ಅಜ್ಜಿಯ ಬಾಗಿಲಲ್ಲಿ ನಿಂತ. ಬಾಗಿಲು ತೆಗೆದವಳು ಮೊಮ್ಮಗಳು. ಅವನ ಭುಜದಾಚೆಯ ಬೀದಿಯನ್ನು ನೋಡುತ್ತ ಪಕ್ಕಕ್ಕೆ ಸರಿದಳು. ಅಜ್ಜಿ ಕಿಟಕಿಯ ಬಳಿ ಕೂತು ಅಂಗಿಯೊಂದಕ್ಕೆ ಗುಂಡಿ ಹೊಲಿಯುತ್ತಿದ್ದರು. ಮೊಮ್ಮಗಳು ಅವರಿಗೆ ಏನನ್ನೂ ಹೇಳಿರಲಿಲ್ಲ. ಹೇಳಿದ್ದರೆ ಅವನ ಕೆಲಸ ಅರ್ಧ ಮುಗಿದಿರುತ್ತಿತ್ತು. ಆ ಅರ್ಧವನ್ನೂ ಅವನಿಗೇ ಬಿಟ್ಟಿದ್ದಳು.

ಅವನು ಹೇಳಿದ. ಸತ್ತಿದ್ದೀರಿ ಅಂತ ಬರೆದೆ ಎಂದಾಗಲೂ ಅಜ್ಜಿ ಸೂಜಿ ನಿಲ್ಲಿಸಲಿಲ್ಲ.

"ನಾನು ಯಾವಾಗ ಸತ್ತೆನಂತೆ?"

"ದಿನಾಂಕ ಹಾಕಿಲ್ಲ ಅಜ್ಜಿ."

"ಹಾಕ್ಬೇಕಿತ್ತು. ತಿಥಿ ಮಾಡೋರಿಗೆ ಗೊತ್ತಾಗೋದು ಬೇಡ್ವೇ," ಎಂದು ಹಲ್ಲಿನಲ್ಲಿ ದಾರ ಕಡಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ನಿಮ್ಮ ಆಟದ ದೋಣಿಯವಳನ್ನು ತೋರಿಸು ಎಂದರು.

ಅವನಿಗೆ ತೋರಿಸುವ ಧೈರ್ಯವಿರಲಿಲ್ಲ, ತೋರಿಸದೆ ಇರುವ ಧೈರ್ಯವಂತೂ ಇರಲೇ ಇಲ್ಲ. ಪರದೆಯಲ್ಲಿ ಮಂಜು ಮುಸುಕಿದ ನೀರು, ನೀರಿನ ಮೇಲೆ ಖಾಲಿ ದೋಣಿ, ದೋಣಿಯಲ್ಲಿ ಅವಳು. ಕೊಳೆತ ಕೂದಲು, ಕಣ್ಣಿಲ್ಲದ ಮುಖ. ಅಜ್ಜಿ ತುಂಬ ಹತ್ತಿರ ಬಾಗಿ ನೋಡಿದರು.

"ಜಲ್ಲೆ ಹಿಡಿಯೋದು ಹಾಗಲ್ಲ," ಎಂದರು. ಪರದೆಯಿಂದ ಕಣ್ಣು ತೆಗೆಯದೆ, "ಹೊಡಿ. ಹೇಗೆ ಹೊಡೀತಾರೋ ನೋಡ್ತೀನಿ," ಎಂದರು.

ಅವನ ಬೆರಳು ಗುಂಡಿಯ ಮೇಲಿತ್ತು. ಈ ಹಂತವನ್ನು ಅವನು ಪರೀಕ್ಷೆಗಾಗಿ ನೂರು ಸಲ ಗೆದ್ದಿದ್ದ, ಒಂದು ಕೈಯಲ್ಲಿ ಬಿಸ್ಕತ್ತು ತಿನ್ನುತ್ತ. ಈಗ ಒತ್ತಲಾಗಲಿಲ್ಲ. ರಾಕ್ಷಸಿ ಜಲ್ಲೆ ಎತ್ತಿ ಅವನ ವೀರನನ್ನು ಒಂದೇ ಏಟಿಗೆ ನೀರಿಗೆ ಕೆಡವಿದಳು. ಆಟ ಮುಗಿಯಿತು ಎಂದು ಪರದೆ ಹೇಳಿತು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಕಣ್ಣೀರು ಇಳಿಯುತ್ತಿತ್ತು. ಬಾಗಿಲ ಬಳಿ ನಿಂತವಳು ನೋಡುತ್ತಿದ್ದಾಳೆಂದು ಗೊತ್ತಿದ್ದು ಇನ್ನಷ್ಟು ನಾಚಿಕೆಯಾಯಿತು.

ಅಜ್ಜಿ ಸಮಾಧಾನ ಹೇಳಲಿಲ್ಲ. ಅವರ ದನಿ ಒಡೆದಿತ್ತು.

"ಊರವರು ದೂರದಿಂದ ನೋಡಿದ್ರು, ಅವರಿಗೆ ಗೊತ್ತಿರ್ಲಿಲ್ಲ. ನೀನು ನನ್ನ ಪಕ್ಕದಲ್ಲಿ ಕೂತು ಕೇಳಿದ್ದೆ, ಮಗಾ. ನಿನಗೆ ಗೊತ್ತಿತ್ತು."

ಅಲ್ಲಿಂದ ಅವನು ನೇರ ಆಫೀಸಿಗೆ ಹೋದ. ಒಪ್ಪಿಗೆ ಪತ್ರದಲ್ಲಿ ಸುಳ್ಳು ಬರೆದಿದ್ದೇನೆ, ಕಥೆ ಹೇಳಿದವರು ಬದುಕಿದ್ದಾರೆ, ಅವರು ಇದನ್ನು ಒಪ್ಪುವುದಿಲ್ಲ ಎಂದು ಟೀಮ್ ಲೀಡರ್ ಮುಂದೆ, ಎಲ್ಲರೆದುರಿಗೇ ಹೇಳಿದ. ಬೆನ್ನು ತಟ್ಟಿದವರೆಲ್ಲ ತಂತಮ್ಮ ಪರದೆ ನೋಡತೊಡಗಿದರು. ವಕೀಲರು ಬಂದರು. ಮೂರನೆಯ ಹಂತ ಬದಲಾಗಬೇಕು, ಇಲ್ಲವೇ ಬಿಡುಗಡೆ ನಿಲ್ಲಬೇಕು ಎಂದಾಯಿತು. ಮುಖ್ಯ ಬರಹಗಾರನ ಸ್ಥಾನ ಹೋಯಿತು. ಆಟದಿಂದಲೂ ಪುಸ್ತಿಕೆಯಿಂದಲೂ ಅವನ ಹೆಸರು ತೆಗೆಯುವುದೆಂದಾಯಿತು. ಮಾಡಿದ್ದುಣ್ಣೋ ಮಹರಾಯ. ಅವನು ಉಂಡ. ಹೆಸರಿಲ್ಲದೆ ಮೂರು ವಾರ ಕೂತು ಆ ಹಂತವನ್ನು ಹೊಸದಾಗಿ ಬರೆದ.

ಆ ಮೂರು ವಾರ ಅವಳಿಂದ ಬಂದದ್ದು ಒಂದೇ ಒಂದು ಇಮೇಲ್. ಆಚೆ ದಡದ ಶಾಲೆಯ ಹಳೆಯ ದಾಖಲಾತಿ ಪುಸ್ತಕದ ಒಂದು ಪುಟ. ನೀರು ನುಗ್ಗಿದ ವಾರದಲ್ಲಿ ಹೊಸದಾಗಿ ಸೇರಿದ ಮಕ್ಕಳು ಹತ್ತೊಂಬತ್ತು. ತಂದೆಯ ಹೆಸರಿನ ಜಾಗವೆಲ್ಲ ಖಾಲಿ. ಪತ್ರದಲ್ಲಿ ಬೇರೇನೂ ಇರಲಿಲ್ಲ, ತನ್ನ ಹೆಸರನ್ನೂ ಬರೆದಿರಲಿಲ್ಲ. ಅವನು ಆ ಪುಟವನ್ನು ಮೇಜಿನೆದುರು ಅಂಟಿಸಿಕೊಂಡು ಕೆಲಸ ಮುಗಿಸಿದ. ಹೊಸ ಹಂತವನ್ನೂ ಹೊಸ ಒಪ್ಪಿಗೆ ಪತ್ರವನ್ನೂ ಅಜ್ಜಿಯ ಬಳಿ ಕಂಪನಿಯ ವಕೀಲರೇ ಒಯ್ದರು. ಅವನಿಗೆ ಆ ಮನೆಗೆ ಹೋಗುವ ಮುಖವಿರಲಿಲ್ಲ.

ಪ್ರದರ್ಶನದ ಮೊದಲ ದಿನ ಅವನು ಜನರ ಹಿಂದೆ, ಕಂಬದ ಮರೆಯಲ್ಲಿ ನಿಂತ. ದೊಡ್ಡ ಪರದೆಯ ಮುಂದೆ ಅಜ್ಜಿ ಕುರ್ಚಿಯಲ್ಲಿ ಕೂತಿದ್ದರು. ಯಾರೋ ಒಬ್ಬ ಹುಡುಗಿ ಆಡುತ್ತಿದ್ದಳು. ಮಂಜು, ನೀರು, ಖಾಲಿ ದೋಣಿ. ದೋಣಿಯವಳಿಗೆ ಈಗ ಮುಖವಿತ್ತು, ಜಲ್ಲೆಯನ್ನು ಸರಿಯಾಗಿ ಹಿಡಿದಿದ್ದಳು. ಹುಡುಗಿ ದೂರದಿಂದ ಬಾಣ ಬಿಟ್ಟಳು, ಸೋತಳು. ಮತ್ತೆ ಬಿಟ್ಟಳು, ಮತ್ತೆ ಸೋತಳು. ಮೂರನೆಯ ಸಲ ಏನೂ ತೋಚದೆ ಈಜಿಕೊಂಡು ಹತ್ತಿರ ಹೋಗಿ, ದೋಣಿಯ ಅಂಚು ಹಿಡಿದು ಒಳಗೆ ಇಣುಕಿದಳು.

ತಳದಲ್ಲಿ ಮಕ್ಕಳು ಅಂಗಾತ ಮಲಗಿದ್ದರು, ಸಾಲಾಗಿ, ಕಣ್ಣು ಬಿಟ್ಟುಕೊಂಡು.

ಹುಡುಗಿ ಕೈಯಲ್ಲಿದ್ದ ಗೇಮ್ ಕಂಟ್ರೋಲರನ್ನು ಕೆಳಗಿಟ್ಟಳು. ಅಜ್ಜಿ ಒಂದೊಂದಾಗಿ ಎಣಿಸುತ್ತಿದ್ದುದು ಅವರ ತುಟಿಯಲ್ಲಿ ಕಾಣುತ್ತಿತ್ತು. ಹತ್ತೊಂಬತ್ತಕ್ಕೆ ತುಟಿ ನಿಂತಿತು.

ಪರದೆಯ ಕೆಳಗಿನ ಚೀಟಿ ಓದಲು ಅವನಿಗೆ ಹತ್ತಿರ ಹೋಗಬೇಕಾಯಿತು. 'ದೋಣಿ ಖಾಲಿ ಇರಲಿಲ್ಲ. ಹೇಳಿದವರು: ದೋಣಿಯವಳ ಮೊಮ್ಮಗಳು. ಇಲ್ಲೇ ಕುರ್ಚಿಯಲ್ಲಿ ಕೂತಿದ್ದಾರೆ, ಬೇಕಾದರೆ ಕೇಳಿ.'

"ಪದ ಎಣಿಸ್ತಾ ಇದ್ದೀರಾ?" ಎಂಬ ದನಿ ಪಕ್ಕದಲ್ಲಿ ಬಂತು.

ಅವನು ತಿರುಗಿದ. ಅವಳ ಕೈ ಮೇಜಿನ ಮೇಲಿನ ಕಾಗದಗಳನ್ನು ಸರಿಸುತ್ತ ಏನನ್ನೋ ಹುಡುಕುತ್ತಿತ್ತು. ಪೆನ್ಸಿಲ್ ಕಿವಿಯ ಹಿಂದಿತ್ತು. ಹೇಳುವ ಹಕ್ಕು ತನಗಿದೆಯೋ ಇಲ್ಲವೋ ಎಂದು ಅವನು ತಡವರಿಸಿದ.

"ಕಿವಿ ಹಿಂದೆ ಇದೆ," ಎಂದ ಕೊನೆಗೆ.

ಅವಳು ತೆಗೆದುಕೊಂಡಳು, ಆದರೆ ಹೋಗಲಿಲ್ಲ. ಅವನಿಗೆ ಅವಳ ಮುಖ ನೋಡಲು ಇನ್ನೂ ಆಗುತ್ತಿರಲಿಲ್ಲ. ಅವಳ ಬೆರಳುಗಳನ್ನು ನೋಡುತ್ತ ಮಾತಾಡಿದ.

"ಗೇಮ್ ಕಂಪನಿಯವನೊಬ್ಬ ಇಮೇಲ್ ಕಳಿಸಿದ್ರೆ ಆಗೋ ಕೆಲಸಕ್ಕೆಲ್ಲ ಎರಡು ಬಸ್ ಹಿಡಿದು ಇಲ್ಲಿಗೆ ಬರ್ತಿದ್ದನಂತೆ. ಚೀಟಿ ಬರೆಯೋಳನ್ನ ಅವನು ತುಂಬಾ ಇಷ್ಟಪಡ್ತಾನೆ ಅಂತ ಹೇಳಲಾಗುತ್ತದೆ."

ಪೆನ್ಸಿಲ್ ಬೆರಳುಗಳ ನಡುವೆ ಒಂದು ಸುತ್ತು ತಿರುಗಿ ನಿಂತಿತು.

"ಯಾರು ಹೇಳಿದ್ದು?"

ಅವನು ತಲೆ ಎತ್ತಿದ. ಆ ಮುಖ ಇನ್ನೂ ಪೂರ್ತಿ ಕ್ಷಮಿಸಿರಲಿಲ್ಲ. ನೋಡಲು ಕಷ್ಟವಾಗುತ್ತಿತ್ತು, ಆದರೂ ನೋಡಿದ.

"ನಾನು," ಎಂದ. "ನಾನೇ ಹೇಳಿದ್ದು."

ಮೊದಲು ಒಂದು ಕಿವಿ ಕೆಂಪಾಯಿತು. ಅವಳು ಇನ್ನೊಂದನ್ನು ಕೂದಲಿಂದ ಮುಚ್ಚಿಕೊಳ್ಳುವಷ್ಟರಲ್ಲಿ ಕುರ್ಚಿಯ ಕಡೆಯಿಂದ ಅಜ್ಜಿ, ಬಂದವನು ಯಾರೇ ಅದು, ಕೊಡೆ ಹುಡುಕಿಕೊಡೋಕೆ ಹೇಳು, ಮನೆಗೆ ಹೋಗೋಣ ಎಂದು ಕೂಗಿದರು.

"ಬಾ," ಎಂದಳು ಅವಳು. "ದಿವಂಗತರು ಕರೀತಿದ್ದಾರೆ. ಕೊಡೆ ನೀನೇ ಹಿಡ್ಕೋ."